ಕೆನ್ನೆಗೆ ಒತ್ತಿದ ಬ್ಯಾಟರಿ

ಬ್ಯಾಟರಿ ಬೆಚ್ಚಗಿದೆಯೋ ಇಲ್ಲವೋ ಎಂಬುದನ್ನು ಅವನು ಕೆನ್ನೆಗೆ ಒತ್ತಿಕೊಂಡು ನೋಡುತ್ತಿದ್ದ. ಬೇರೆಯವರಾದರೆ ಅಂಗೈಯಲ್ಲಿ ಹಿಡಿದೊಡನೆ ಹೇಳಿಬಿಡುತ್ತಿದ್ದರು. ಯಾರಾದರೂ ಇದೇನು ಹೀಗೆ ಎಂದು ಕೇಳಿದರೆ ಇರಲಿ ಎಂದು ಒಂದು ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿದ್ದ: ದುಡಿಯುವವನ ಅಂಗೈ ದಪ್ಪ, ಅದನ್ನು ನಂಬುವಂತಿಲ್ಲ, ಕೆನ್ನೆಯೇ ವಾಸಿ. ಆದರೆ ಯಾರೂ ಕೇಳಿರಲಿಲ್ಲ. ಕೇಳದೇ ಇದ್ದದ್ದು ತನ್ನ ಜಾಣತನದ ಫಲವೆಂದು ಹೋದ ಚಳಿಗಾಲದಿಂದ ಈ ಚಳಿಗಾಲದವರೆಗೆ ಅವನು ನಂಬಿಕೊಂಡು ಬಂದಿದ್ದ. ಮನೆಯ ಬಾಗಿಲ ಪಕ್ಕದ ಇಕ್ಕಟ್ಟಿನಲ್ಲಿ, ಚಪ್ಪಲಿಗಳ ಮೇಲಿನ ಹಲಗೆಯ ಮೇಲೆ, ಚಾರ್ಜರಿನ ಹಸಿರು ದೀಪ ಬೆಳಗಿನ ಮಂಕು ಬೆಳಕಿನಲ್ಲಿ ನಿದ್ದೆಗೆಟ್ಟವರ ಕಣ್ಣಿನಂತೆ ಕಾಣುತ್ತಿತ್ತು. ಹೊರಗೆ ಮಳೆ. ಸುರಿಯುವ ಮಳೆಯಲ್ಲ, ಸುರಿದಿದ್ದರೆ ಇವತ್ತು ಆಗುವುದಿಲ್ಲವೆಂದು ಹೇಳಿ ಕಳಿಸಬಹುದಿತ್ತು. ನೆಲಕ್ಕೂ ಬೀಳದೆ ಮೇಲಕ್ಕೂ ಹೋಗದೆ ಗಾಳಿಯಲ್ಲಿ ತೂಗುತ್ತ, ಬಟ್ಟೆಯ ನೇಯ್ಗೆಯೊಳಗೆ ಸದ್ದಿಲ್ಲದೆ ಸೇರಿಕೊಳ್ಳುವ ತುಂತುರು. ಇಂಥ ದಿನಗಳಲ್ಲಿ ಬೇಲಿ ಕತ್ತರಿಸುವ ಯಂತ್ರದ ಬ್ಯಾಟರಿ ಚಳಿಗೆ ಮುದುಡುತ್ತದೆ. ಭರ್ತಿ ತುಂಬಿಸಿಕೊಂಡದ್ದೂ ವ್ಯಾನಿನ ತಣ್ಣನೆಯ ತಗಡಿನ ಮೇಲೆ ಕುಳಿತು ಬಂದರೆ ಅರ್ಧ ಬೇಲಿಗೇ ಉಸಿರು ಬಿಡುತ್ತದೆ. ಮೈಗೆ ಹತ್ತಿಸಿಕೊಂಡೇ ಒಯ್ಯಬೇಕು. ಅದಕ್ಕೆಂದೇ ಹೆಂಡತಿ ಅವನ ಕೋಟಿನ ಒಳಗೆ, ಸರಿಯಾಗಿ ಹೊಟ್ಟೆಯ ಮೇಲೆ ಬರುವಂತೆ, ಹಳೆಯ ಕಂಬಳಿಯ ತುಂಡಿನಿಂದ ಎರಡು ದೊಡ್ಡ ಜೇಬು ಹೊಲಿದುಕೊಟ್ಟಿದ್ದಳು.

“ರೀ, ಚಹಾ ಆರೋಗ್ತಿದೆ.”

“ಆರಿದ ಮೇಲೇ ಅಲ್ವಾ ನೀನು ಕೊಡೋದು. ಇನ್ನೆಷ್ಟು ಆರುತ್ತೆ?”

“ಬಿಸಿ ಬೇಕಿದ್ರೆ ಬೇಗ ಏಳ್ಬೇಕು. ಬನ್ನಿ ಇಲ್ಲಿ.” ಅವಳು ದಪ್ಪ ಪಿಂಗಾಣಿಯ ಮಗ್ಗನ್ನು ಅವನ ಕೈಗಿತ್ತು, ಅವನು ಕುಡಿಯುವಷ್ಟರಲ್ಲಿ ಎರಡೂ ಬ್ಯಾಟರಿಗಳನ್ನು ಜೇಬಿಗಿಳಿಸಿ ಕೋಟಿನ ಜಿಪ್ಪನ್ನು ಕತ್ತಿನವರೆಗೆ ಎಳೆದಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, “ಎಷ್ಟು ತಿಂಗಳು?” ಎಂದಳು.

“ದಿನ ತುಂಬಿದೆ,” ಎಂದ ಅವನು. ಇದು ಅವರಿಬ್ಬರ ನಡುವೆ ಸವೆದುಹೋದ ನಗೆಮಾತು. ಇಬ್ಬರೂ ನಗಲಿಲ್ಲ, ಆದರೆ ಹೇಳದಿದ್ದರೆ ಏನೋ ಬಿಟ್ಟುಹೋದಂತೆ ಆಗುತ್ತಿತ್ತು. ಜಿಪ್ಪಿನ ತುದಿಗೆ ಅವಳು ಬೆರಳು ತೂರುವಷ್ಟು ದೊಡ್ಡದಾದ ದಾರದ ಕುಣಿಕೆಯೊಂದನ್ನು ಕಟ್ಟಿದ್ದಳು. ಯಾವಾಗ ಕಟ್ಟಿದಳೋ ಅವನು ಗಮನಿಸಿರಲಿಲ್ಲ. ಒಂದು ದಿನ ಇತ್ತು, ಅಷ್ಟೆ. ಅದಕ್ಕೆ ಮುಂಚೆ ಆ ಕೋಟಿಗೆ ಗುಂಡಿಗಳಿದ್ದವು. ಗುಂಡಿಗಳಿದ್ದ ಕಾಲದಲ್ಲಿ ಅವನು ಇದೇ ಜಾಗದಲ್ಲಿ ಗೋಡೆಗೆ ಮುಖ ಮಾಡಿ ನಿಂತು, ಚಳಿಯ ಬೆಳಗಿನಲ್ಲಿ ಬೆಳ್ಳಗೆ ಬಿಳಿಚಿಕೊಂಡ ತನ್ನ ಬೆರಳುಗಳು ಗುಂಡಿಯ ಮೇಲೆ ತಡಕಾಡುವುದನ್ನು, ಬೇರೆ ಯಾರದೋ ಬೆರಳುಗಳನ್ನು ನೋಡುವಂತೆ ನೋಡಿದ್ದ. ಅವು ಗುಂಡಿಯನ್ನು ಹಿಡಿದಿವೆಯೆಂದು ಕಣ್ಣು ಹೇಳುತ್ತಿತ್ತು, ಬೆರಳುಗಳು ಹೇಳುತ್ತಿರಲಿಲ್ಲ.

ವ್ಯಾನಿನಲ್ಲಿ ಭಾವಮೈದುನ ಆಗಲೇ ಕುಳಿತು ಗಾಜಿನ ಮಂಜನ್ನು ತೋಳಿನಿಂದ ಒರೆಸುತ್ತಿದ್ದ. ಹೆಂಡತಿಯ ತಮ್ಮ, ನಲವತ್ತರ ಹತ್ತಿರದವನು. ಮದುವೆಯ ಹೊಸತರಲ್ಲಿ ಅಕ್ಕನ ಮನೆಗೆಂದು ಬಂದ ಆತನನ್ನು ಕರೆದೊಯ್ದು ಕತ್ತರಿ ಹಿಡಿಯುವುದು, ಗಿಡದ ಕಣ್ಣು ನೋಡಿ ಕತ್ತರಿಸುವುದು, ಬೇಲಿಯ ನೆತ್ತಿಯನ್ನು ದಾರ ಕಟ್ಟದೆ ಬರೀ ಕಣ್ಣಳತೆಯಲ್ಲಿ ಸಮ ಮಾಡುವುದು, ಎಲ್ಲವನ್ನೂ ಕಲಿಸಿದವನು ಈ ಭಾವನೇ. ಈಗ ವ್ಯಾನು ಓಡಿಸುವವನು ಭಾವಮೈದುನ. ಗಿರಾಕಿಗಳ ಫೋನು ಹೋಗುವುದೂ ಆತನಿಗೇ. ಇದು ಹೇಗಾಯಿತೆಂದು ಅವನು ಕೆಲವೊಮ್ಮೆ ಯೋಚಿಸುತ್ತಿದ್ದ. ಯಾರೂ ಏನನ್ನೂ ಕಿತ್ತುಕೊಂಡಿರಲಿಲ್ಲ. ಮಳೆಗಾಲದಲ್ಲಿ ಮಣ್ಣು ಒಂದು ಬದಿಯಿಂದ ಕರಗಿ ಇನ್ನೊಂದು ಬದಿಗೆ ಸೇರಿಕೊಳ್ಳುವಂತೆ ಸರಿದುಹೋಗಿತ್ತು. ಉಳಿದದ್ದು ಒಂದು: ಮೊದಲ ಬ್ಯಾಟರಿ ಅವನದು. ಯಾವ ಮನೆಗೆ ಹೋದರೂ ಟ್ರಿಮ್ಮರನ್ನು ಮೊದಲು ಹಿಡಿಯುವವನು ಅವನು. ಬೇಲಿಗೆ ಗೆರೆ ಹಾಕಿಕೊಡುವವನು ಅವನು. ಎರಡನೆಯ ಬ್ಯಾಟರಿಗೆ ಭಾವಮೈದುನ ಹಿಡಿಯುತ್ತಾನೆ, ಆ ಹೊತ್ತಿನಲ್ಲಿ ಅವನು ಗಿರಾಕಿಯ ಮನೆಯೊಳಗೆ ಹೋಗಿ ಮುಗಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕುತ್ತಾನೆ. ಆ ಮೊದಲ ಬ್ಯಾಟರಿಯೂ ಹೋದರೆ ತಾನು ಯಾರು? ಆ ಪ್ರಶ್ನೆಯ ಉತ್ತರವನ್ನು ಅವನು ನೋಡಲೊಲ್ಲದೆ ಇದ್ದ.

“ಭಾವ, ಇವತ್ತು ಮುಗಿಸ್ಲೇಬೇಕಂತೆ ಹೆಡ್‌ಮಿಸ್ಟ್ರೆಸ್ ಮೇಡಂ. ನಾಳೆ ಅವರ ತಂಗಿ ಬರ್ತಾರಂತೆ, ಬೇಲಿ ಹೀಗೆ ತಲೆ ಕೆದರಿಕೊಂಡು ನಿಂತಿದ್ರೆ ಮರ್ಯಾದೆ ಏನಾಗ್ಬೇಕು ಅಂತಾರೆ.”

“ತಂಗಿ ಬರೋದು ಬೇಲಿ ನೋಡೋಕಾ?”

“ಅಕ್ಕನಲ್ಲಿ ತಪ್ಪು ಹುಡುಕೋಕೆ. ತಂಗಿಯರ ಕೆಲಸ ಇನ್ನೇನು.” ಭಾವಮೈದುನ ಗೇರು ಬದಲಿಸಿದ. “ನಮ್ಮಕ್ಕನಿಗೆ ತಂಗಿ ಇಲ್ಲ, ನೀವು ಪುಣ್ಯವಂತರು. ನಾನೊಬ್ಬನೇ ಸಾಕು ಅಂತ ದೇವರು ತೀರ್ಮಾನ ಮಾಡ್ದ.”

ಅವನು ನಕ್ಕ. ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ. ಹಾಗೆ ಇಟ್ಟುಕೊಂಡಾಗಲೆಲ್ಲ ಬಾಚಣಿಗೆಯ ನೆನಪಾಗುತ್ತಿತ್ತು. ಅವನು ಕೆಲಸ ಕಲಿತ ತಂಡದಲ್ಲಿ ಒಬ್ಬ ಮುದುಕನಿದ್ದ, ಎಲ್ಲರೂ ಕತ್ತರಿಸುತ್ತ ಮುಂದೆ ಹೋದರೆ ಆತ ಹಿಂದಿನಿಂದ ಎಲೆ ಬಾಚುತ್ತ ಬರುತ್ತಿದ್ದ, ಅದಕ್ಕೇ ಬಾಚಣಿಗೆ. ಊಟದ ಹೊತ್ತಿನಲ್ಲಿ ಆತ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಎಲ್ಲರೂ ತಿಂದಾದ ಮೇಲೆ, ಗೋಡೆಯ ಕಡೆ ತಿರುಗಿ ತಿನ್ನುತ್ತಿದ್ದ. ಒಮ್ಮೆ ಆತ ಪೆಟ್ರೋಲಿನ ಯಂತ್ರವನ್ನು ಎತ್ತಿಕೊಳ್ಳಲು ಹೋದಾಗ ಯಾರೋ “ಅಜ್ಜ, ಬಾಚಣಿಗೆಗೆ ಹಲ್ಲು ಸಾಲದಾ, ಇದರ ಹಲ್ಲೂ ಬೇಕಾ?” ಎಂದಿದ್ದರು. ಆ ಯಾರೋ ತಾನೇ ಇದ್ದಿರಬಹುದು. ಇರಲಿಕ್ಕಿಲ್ಲ. ನಕ್ಕದ್ದಂತೂ ನಿಜ. ಮುದುಕ ಯಂತ್ರವನ್ನು ಕೆಳಗಿಟ್ಟು, ತಾನೂ ನಕ್ಕು, ಮತ್ತೆ ಎಲೆ ಬಾಚಲು ಹೋಗಿದ್ದ. ಆ ಕಾಲದ ಯಂತ್ರಗಳು ಹಿಡಿದವನನ್ನು ಮೊಣಕೈಯವರೆಗೂ ಅಲುಗಾಡಿಸುತ್ತಿದ್ದವು. ಸಂಜೆ ಮನೆಗೆ ಬಂದು ಅನ್ನದ ತಟ್ಟೆಯ ಮುಂದೆ ಕುಳಿತರೂ ಕೈ ಇನ್ನೂ ಗುಂಯ್‌ಗುಡುತ್ತಿತ್ತು. ವರ್ಷಗಟ್ಟಲೆ ಗುಂಯ್‌ಗುಟ್ಟಿದ ಮೇಲೆ ಒಂದು ದಿನ ಅದು ನಿಂತಿತ್ತು. ನಿಂತದ್ದಕ್ಕೆ ಅವನು ಸಮಾಧಾನಪಟ್ಟುಕೊಂಡಿದ್ದ. ಬ್ಯಾಟರಿಯ ಯಂತ್ರ ಬಂದಾಗ ಅದು ನಡುಗುವುದಿಲ್ಲ, ಹೊಗೆಯುಗುಳುವುದಿಲ್ಲ, ಗದ್ದಲವಿಲ್ಲ, ಇನ್ನು ಕೈ ಸರಿಹೋಗುತ್ತದೆ ಎಂದು ಯಾರಿಗೂ ಹೇಳದೆ ಕಾದಿದ್ದ. ಡಾಕ್ಟರ ಬಳಿಗೂ ಒಬ್ಬನೇ ಹೋಗಿದ್ದ. ಡಾಕ್ಟರು ಕಣ್ಣು ಮುಚ್ಚಲು ಹೇಳಿ ಒಂದೊಂದೇ ಬೆರಳಿಗೆ ಸೂಜಿ ಚುಚ್ಚುತ್ತ, “ಗೊತ್ತಾಯ್ತಾ? ಈಗ?” ಎಂದು ಕೇಳಿದ್ದರು. ಚುಚ್ಚುವ ಮುನ್ನ ಅವರ ಉಸಿರು ಒಂದು ಕ್ಷಣ ನಿಲ್ಲುವುದನ್ನು ಆಲಿಸುತ್ತ ಅವನು ಪ್ರತಿಸಲವೂ ಸರಿಯಾದ ಹೊತ್ತಿಗೆ “ಹೂಂ” ಎಂದಿದ್ದ. ಪರೀಕ್ಷೆಯಲ್ಲಿ ಪಾಸಾದವನಂತೆ ಹೊರಬಂದು, ಬಸ್ ನಿಲ್ದಾಣದಲ್ಲಿ ಕುಳಿತು, ಬೆರಳ ತುದಿಗಳಲ್ಲಿ ಮೂಡಿದ್ದ ಸಾಸಿವೆಯಷ್ಟು ರಕ್ತದ ಚುಕ್ಕೆಗಳನ್ನು ನೋಡಿದ್ದ.

ಹೆಡ್‌ಮಿಸ್ಟ್ರೆಸ್ಸರ ಮನೆಯ ಬೇಲಿ ಗೇಟಿನಿಂದ ಬೀದಿಯ ತಿರುವಿನವರೆಗೆ ಎದೆಯೆತ್ತರಕ್ಕೆ ಬೆಳೆದು ನಿಂತಿತ್ತು. ಮಳೆಯ ಭಾರಕ್ಕೆ ಬಾಗಿದ ಹೊಸ ಚಿಗುರು ಕಾಲುದಾರಿಗೆ ಬಂದು, ಹೋಗಿಬರುವವರ ಛತ್ರಿಗಳನ್ನು ತಡೆಯುತ್ತಿತ್ತು. ನಿವೃತ್ತರಾಗಿ ಎಷ್ಟೋ ವರ್ಷಗಳಾದರೂ ಅವರನ್ನು ಬೀದಿಯವರೆಲ್ಲ ಹೆಡ್‌ಮಿಸ್ಟ್ರೆಸ್ ಎಂದೇ ಕರೆಯುತ್ತಿದ್ದರು. ಅವರೂ ಮೇಲಿನ ಕಿಟಕಿಯಲ್ಲಿ ನಿಂತು ಕೆಲಸದವರನ್ನು ಪರೀಕ್ಷೆಯ ಕೋಣೆಯನ್ನು ನೋಡುವಂತೆಯೇ ನೋಡುತ್ತಿದ್ದರು. ಅವನು ಜೇಬಿನಿಂದ ಒಂದು ಬ್ಯಾಟರಿಯನ್ನು ತೆಗೆದು, ಬಾಯಿಯ ಉಸಿರು ತಾಗದಂತೆ ಅದರ ಹಿತ್ತಾಳೆಯ ಮೂತಿಯನ್ನು ಒಣಬಟ್ಟೆಯಿಂದ ಒರೆಸಿ, ಯಂತ್ರದೊಳಗೆ ತಳ್ಳಿದ. ಕಟ್ ಎಂಬ ಸದ್ದು ಬಂತು. ಸದ್ದೇ ಅವನಿಗೆ ಆಧಾರ. ಬ್ಲೇಡಿಗೆ ಎಣ್ಣೆ ಹಾಕಿ, ಬೇಲಿಯ ನೆತ್ತಿಯ ಆಚೆ ತುದಿಯಲ್ಲಿ ಒಂದು ಕೊಂಬೆಯನ್ನು ಗುರಿಯಿಟ್ಟು, ಎಡಗಣ್ಣು ಕಿರಿದು ಮಾಡಿ, ಶುರುಮಾಡಿದ. ಯಂತ್ರ ಎರಡು ಕೈಗಳೂ ಹಿಡಿಯ ಗುಂಡಿಗಳನ್ನು ಒತ್ತಿದಾಗ ಮಾತ್ರ ಓಡುತ್ತದೆ. ಒಂದನ್ನು ಬಿಟ್ಟರೂ ನಿಲ್ಲುತ್ತದೆ. ಅವನು ಎರಡನ್ನೂ ಬಿಗಿಯಾಗಿ, ಅಗತ್ಯಕ್ಕಿಂತ ಬಿಗಿಯಾಗಿ ಹಿಡಿಯುತ್ತಿದ್ದ. ಎಷ್ಟು ಬಿಗಿಯೆಂಬುದು ಸಂಜೆ ಹೆಗಲು ನೋಯುವಾಗ ತಿಳಿಯುತ್ತಿತ್ತು.

ಪೆಟ್ರೋಲಿನ ಯಂತ್ರದ ಗದ್ದಲದಲ್ಲಿ ಒಂದು ಬಗೆಯ ಏಕಾಂತವಿತ್ತೆಂದು ಅವನಿಗೆ ಆಗಾಗ ಅನಿಸುತ್ತಿತ್ತು. ಆಗ ಯಾರೂ ಅವನನ್ನು ಮಾತಾಡಿಸುತ್ತಿರಲಿಲ್ಲ, ಅವನಿಗೂ ಯಾರ ಮಾತೂ ಕೇಳಿಸುತ್ತಿರಲಿಲ್ಲ. ಇದು ಹಾಗಲ್ಲ. ಇದರ ಸಣ್ಣ ಗುಂಜಿನ ಆಚೆಗೆ ಎಲ್ಲವೂ ಕೇಳಿಸುತ್ತಿತ್ತು: ಕಾಲುದಾರಿಯಲ್ಲಿ ಹೋಗುವವರ ಒದ್ದೆ ಬೂಟು, ಯಾವುದೋ ಅಡುಗೆಮನೆಯಲ್ಲಿ ಬಿದ್ದ ಚಮಚ, ಬ್ಲೇಡಿಗೆ ಅಂಟಿ ಹಿಂಡಿಯಾಗುವ ಹಸಿ ಎಲೆಗಳ ಚಪ್ ಚಪ್. ಒಣಹವೆಯ ದಿನ ಕತ್ತರಿಸಿದ ಎಲೆ ದೂರ ಹಾರಿ ಬೀಳುತ್ತದೆ. ಇಂಥ ದಿನ ಅದು ಬ್ಲೇಡಿನ ಹಲ್ಲಿಗೆ, ಕೋಟಿಗೆ, ಕೈಗವಸಿಗೆ, ಮುಖಕ್ಕೆ ಮೆತ್ತಿಕೊಳ್ಳುತ್ತದೆ. ಕೆನ್ನೆಯ ಮೇಲೆ ಬಿದ್ದ ಎಲೆಯ ತಂಪು ಅವನಿಗೆ ಎಷ್ಟು ಸ್ಪಷ್ಟವಾಗಿ ತಿಳಿಯಿತೆಂದರೆ, ಅದನ್ನು ತೆಗೆಯದೆ ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟುಕೊಂಡ. ಮುಖದಿಂದ ಕೆಳಗೆ, ಮಣಿಕಟ್ಟಿನವರೆಗೆ, ಅವನು ಇದ್ದ. ಆಮೇಲೆ ಇರಲಿಲ್ಲ. ಅಲ್ಲಿಂದ ಮುಂದೆ ಯಂತ್ರ ಶುರುವಾಗುತ್ತಿತ್ತು.

ಬೇಲಿಯ ನಡುವಿನಲ್ಲಿ, ಬಹಳ ಹಿಂದೆ ಯಾರೋ ಗಿಡಗಳಿಗೆ ಆಸರೆಯೆಂದು ಕಟ್ಟಿ ಮರೆತ ತಂತಿಯ ತುಂಡೊಂದು ಎಲೆಗಳ ಮರೆಯಲ್ಲಿತ್ತು. ಬ್ಲೇಡು ಅದನ್ನು ಕಚ್ಚಿ, ಒಮ್ಮೆ ನರಳಿ, ನಿಂತುಬಿಟ್ಟಿತು. ಬ್ಯಾಟರಿಯ ದೀಪಗಳೂ ಆರಿದವು.

“ಕೈ ಕೊಡ್ತಾ?” ಹಿಂದೆ ಎಲೆ ಬಾಚುತ್ತಿದ್ದ ಭಾವಮೈದುನ ಕೇಳಿದ.

“ಚಳಿ. ತಂತಿ ಬೇರೆ ಸಿಕ್ಕಿದೆ.”

“ಇರಿ ಭಾವ, ನಾನು ತೆಗೀತೀನಿ.” ಭಾವಮೈದುನ ಇಕ್ಕಳ ತರಲು ವ್ಯಾನಿಗೆ ಹೋದ. ಅವರಿಬ್ಬರ ನಡುವೆ ಒಂದು ನಿಯಮವಿತ್ತು. ಯಂತ್ರವನ್ನು ಹಿಡಿದವನು ಹಲ್ಲಿಗೆ ಕೈ ಹಾಕಬಾರದು, ಹಿಡಿದವನು ಬ್ಯಾಟರಿಯನ್ನು ಹೊರಗೆಳೆದು ತನ್ನ ಜೇಬಿಗೆ ಹಾಕಿಕೊಳ್ಳಬೇಕು, ಇನ್ನೊಬ್ಬನು “ಬಂತಾ?” ಎಂದು ಕೇಳಬೇಕು; “ಬಂತು” ಎಂಬ ಮಾತು ಬಂದ ಮೇಲೆಯೇ ಕೈ ಹಾಕಬೇಕು. ಪೆಟ್ರೋಲಿನ ಯಂತ್ರ ಸತ್ತರೆ ಸತ್ತಿತು; ಬ್ಯಾಟರಿಯದು ಚಳಿಗೆ ಮೂರ್ಛೆ ಹೋಗಿ, ನಾಲ್ಕು ನಿಮಿಷ ಸುಮ್ಮನಿದ್ದರೆ ಮತ್ತೆ ಎಚ್ಚರಗೊಳ್ಳುತ್ತದೆ, ಅದೂ ಸದ್ದಿಲ್ಲದೆ. ಈ ನಿಯಮವನ್ನು ಮಾಡಿದವನು ಭಾವಮೈದುನ, ಹೋದ ಚಳಿಗಾಲದಲ್ಲಿ. ಅತಿ ಜಾಗ್ರತೆಯವನು ಎಂದು ಅವನು ಮನಸ್ಸಿನಲ್ಲೇ ನಕ್ಕಿದ್ದ. ಈಗ ಅವನು ಹೆಬ್ಬೆರಳನ್ನು ಬ್ಯಾಟರಿಯನ್ನು ಹಿಡಿದಿಡುವ ಕೀಲಿನ ಮೇಲೆ ಇಟ್ಟು ಒತ್ತಿದ. ಅದೇ ಹೊತ್ತಿಗೆ ಮೇಲಿನ ಕಿಟಕಿಯ ಪರದೆ ಸರಿಯಿತು. ಹೆಡ್‌ಮಿಸ್ಟ್ರೆಸ್ಸರು ಅವನನ್ನಲ್ಲ, ಬೇಲಿಯ ಗೆರೆಯನ್ನು ನೋಡುತ್ತಿದ್ದರು; ತಲೆಯನ್ನು ಒಂದಿಷ್ಟು ಓರೆ ಮಾಡಿದರು. ಯಾಕೆ ಓರೆ ಮಾಡಿದರು? ಅವನೂ ಗೆರೆಯನ್ನು ನೋಡಿದ. ಮಳೆಯಲ್ಲಿ, ಹತ್ತಿರದಿಂದ, ಅದು ನೆಟ್ಟಗೇ ಇದ್ದಂತೆ ಕಂಡಿತು. ಕೀಲು ಸಡಿಲವಾದ ಸದ್ದು ಬಂದಿತೇ? ಆ ಹೊತ್ತಿಗೆ ಒಂದು ಬಸ್ಸು ಹೋಗಿತ್ತು. ಹೊಟ್ಟೆಯ ಮೇಲೆ, ಕಂಬಳಿಯ ಜೇಬಿನಲ್ಲಿ, ಬ್ಯಾಟರಿಯ ಭಾರ ಇತ್ತು.

“ಬಂತಾ?”

“ಬಂತು.”

ಭಾವಮೈದುನ ಇಕ್ಕಳದಿಂದ ತಂತಿಯನ್ನು ಕತ್ತರಿಸಿ, ಉಳಿದ ಚೂರನ್ನು ಹಲ್ಲುಗಳ ನಡುವಿನಿಂದ ಎರಡು ಬೆರಳಿನಲ್ಲಿ ಹಿಡಿದು ಎಳೆದ. ಭಾವಮೈದುನನಿಗೆ ಅನುಕೂಲವಾಗಲೆಂದು ಅವನು ಯಂತ್ರವನ್ನು ಎರಡೂ ಕೈಗಳಲ್ಲಿ ಎತ್ತಿ ಮುಂದೆ ಹಿಡಿದ. ತಂತಿ ಬಂತು. ಬ್ಲೇಡು ಒಂದು ಸಲ, ಅರ್ಧ ಸಲ, ಹೊರಳಿತು, ನಿಂತಿತು. ಅಷ್ಟೇ. ತಿರುಗಿ ಮಲಗುವವರು ನಿದ್ದೆಯಲ್ಲಿ ಹಲ್ಲು ಕಡಿದಂಥ ಸದ್ದು.

ಭಾವಮೈದುನ ಕೈಯನ್ನು ಹಿಂದಕ್ಕೆಳೆದುಕೊಂಡು ಎದೆಗೆ ಒತ್ತಿ ಹಿಡಿದಿದ್ದ. ಇಬ್ಬರೂ ಯಂತ್ರದ ಹಿಂಭಾಗವನ್ನು ನೋಡಿದರು. ಬ್ಯಾಟರಿ ತನ್ನ ಗೂಡಿನಲ್ಲಿ ಕುಳಿತೇ ಇತ್ತು, ದೀಪವೊಂದು ಮಿನುಗುತ್ತಿತ್ತು. ಜೇಬಿನಲ್ಲಿ ಇದ್ದದ್ದು ಎರಡನೆಯದು. ಅವನ ಎರಡೂ ಕೈಗಳು ಎರಡೂ ಗುಂಡಿಗಳನ್ನು ಒತ್ತಿ ಹಿಡಿದಿದ್ದವು. ಬಿಡಬೇಕು ಎಂದು ಮನಸ್ಸಿನಲ್ಲೇ ಹೇಳಿದ ಮೇಲೆ ಅವು ಬಿಟ್ಟವು.

ಭಾವಮೈದುನ ನಿಧಾನವಾಗಿ ಕೈಗವಸನ್ನು ಕಳಚಿದ. ತೋರುಬೆರಳಿನ ತುದಿಯ ಬಟ್ಟೆ ಕತ್ತರಿಸಿಹೋಗಿ ಬೇಲಿಯೊಳಗೆಲ್ಲೋ ಬಿದ್ದಿತ್ತು. ಬೆರಳನ್ನು ಮುಂದೆ ಹಿಡಿದು, ತಿರುಗಿಸಿ, ಉಗುರನ್ನು ನೋಡಿ, ಉಳಿದ ಬೆರಳುಗಳನ್ನೂ ಒಂದೊಂದಾಗಿ ಮಡಚಿ ಬಿಚ್ಚಿದ. ಅವನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಆದರೆ ಮಾತು ಬಂದಾಗ ಎಂದಿನ ಧಾಟಿಯಲ್ಲೇ ಬಂತು: “ಎಲ್ಲರೂ ಹಾಜರ್, ಭಾವ. ಹೆಡ್‌ಮಿಸ್ಟ್ರೆಸ್ ಮನೇಲಿ ಯಾರಿಗೂ ಗೈರುಹಾಜರಾಗೋ ಧೈರ್ಯ ಇಲ್ಲ.”

“ಬಸ್ಸು ಹೋಯ್ತು,” ಎಂದ ಅವನು. “ಸದ್ದು ಕೇಳಿಸ್ಲಿಲ್ಲ.”

“ಹೂಂ. ಬಸ್ಸು.” ಭಾವಮೈದುನ ಯಂತ್ರವನ್ನು ಅವನ ಕೈಯಿಂದ ತೆಗೆದುಕೊಂಡ, ಕಿತ್ತುಕೊಂಡಂತಲ್ಲ, ಮಲಗಿದ ಮಗುವನ್ನು ಒಬ್ಬರ ತೋಳಿನಿಂದ ಇನ್ನೊಬ್ಬರು ತೆಗೆದುಕೊಳ್ಳುವಂತೆ. ಬ್ಯಾಟರಿಯನ್ನು ತಾನೇ ಎಳೆದು ಅವನ ಜೇಬಿಗಿಳಿಸಿ, ಅಲ್ಲಿದ್ದ ಎರಡನೆಯದನ್ನು ಹೊರಗೆ ತೆಗೆದ. “ನೀವು ಒಳಗೆ ಹೋಗಿ ಇದನ್ನ ಚಾರ್ಜಿಗೆ ಹಾಕಿ, ಒಂದು ಚಹಾ ಕುಡೀರಿ. ಇಲ್ಲಿ ನಾನು ನೋಡ್ಕೋತೀನಿ.”

ಯಾವಾಗಲೂ ಹೇಳುವ ಮಾತೇ. ಅವನು ಹೋದ. ಗೇಟಿನಿಂದ ಹಿತ್ತಲಿನ ಬಾಗಿಲವರೆಗೆ ನಡೆಯುವಾಗ ಹೆದರಿಕೆ ಬರುತ್ತದೆಂದು ಕಾದ. ಬರಬೇಕಿತ್ತು. ಹೆಂಡತಿಯ ತಮ್ಮನ ಬೆರಳು. ಆ ಬೆರಳು ಹೋಗಿದ್ದರೆ ಮನೆಯ ಬಾಗಿಲಲ್ಲಿ ನಿಂತು ಅವಳಿಗೆ ಹೇಳಬೇಕಾಗಿದ್ದ ಮಾತು. ಇದನ್ನೆಲ್ಲ ಅವನು ಒಂದೊಂದಾಗಿ ಮುಂದಿಟ್ಟುಕೊಂಡು ನೋಡಿದ. ಯಾವುದೂ ಒಳಗೆ ಇಳಿಯಲಿಲ್ಲ. ಡಾಕ್ಟರು ಈಗ ಎದೆಗೆ ಸೂಜಿ ಚುಚ್ಚುತ್ತ “ಗೊತ್ತಾಯ್ತಾ?” ಎಂದು ಕೇಳಿದರೂ ಅವರ ಉಸಿರನ್ನೇ ಆಲಿಸಿ ಉತ್ತರ ಹೇಳಬೇಕಾಗುತ್ತಿತ್ತು.

ಹೆಡ್‌ಮಿಸ್ಟ್ರೆಸ್ಸರ ಅಡುಗೆಮನೆಯಲ್ಲಿ ಎಲ್ಲಕ್ಕೂ ಅದರದರ ಜಾಗವಿತ್ತು. ಅವನ ಜಾಗ ಬಾಗಿಲ ಬಳಿಯ ಗೋಣಿತಟ್ಟಿನ ಮೇಲೆ ಹಾಕಿದ್ದ ಸ್ಟೂಲು. ಬೂಟನ್ನು ಹೊರಗೆ ಬಿಟ್ಟು ಬಂದ. ಎಡ ಕಾಲುಚೀಲದಿಂದ ಹೆಬ್ಬೆರಳು ಹೊರಗಿಣುಕುತ್ತಿತ್ತು. ಬಲಗಾಲನ್ನು ಅದರ ಮೇಲೆ ಇಟ್ಟುಕೊಂಡು ಕುಳಿತ. ತಣ್ಣಗಿರುವ ಬ್ಯಾಟರಿಯನ್ನು ಹಾಗೆಯೇ ಚಾರ್ಜಿಗೆ ಹಾಕಬಾರದು, ಹಾಕಿದರೆ ಕೆಂಪು ದೀಪ ಮಿಟುಕುತ್ತ ಕೂರುತ್ತದೆ, ಬ್ಯಾಟರಿಯೂ ಕೆಡುತ್ತದೆ. ಮೊದಲು ಕೋಣೆಯ ಬಿಸಿಗೆ ಹೊಂದಿಕೊಳ್ಳಬೇಕು. ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಕಾದ. ಬೇರೆಯವರ ಅಡುಗೆಮನೆಯಲ್ಲಿ ಏನೂ ಮಾಡದೆ ಕುಳಿತಿರುವುದು ಕೆಲಸಕ್ಕಿಂತ ಕಷ್ಟ. ನೋಡಬಾರದ ಕಡೆಗೇ ಕಣ್ಣು ಹೋಗುತ್ತದೆ: ಒಬ್ಬರಿಗಾಗಿ ಹಚ್ಚಿಟ್ಟ ತರಕಾರಿ, ಮಾತ್ರೆಗಳ ಡಬ್ಬಿ, ನಾಳೆ ಬರುವ ತಂಗಿಗೆಂದು ಮೇಲಿನಿಂದ ಇಳಿಸಿ ತೊಳೆದಿಟ್ಟ ಒಳ್ಳೆಯ ತಟ್ಟೆಗಳು.

ಹೆಡ್‌ಮಿಸ್ಟ್ರೆಸ್ಸರು ಮೆಟ್ಟಿಲಿಳಿದು ಬಂದು ಒಲೆಯ ಪಕ್ಕದಲ್ಲಿ ಮುಚ್ಚಿಟ್ಟಿದ್ದ ಮಗ್ಗನ್ನು ಅವನ ಕೈಗೆ ಕೊಟ್ಟರು. ದಪ್ಪ ಮಗ್ಗು, ದೊಡ್ಡ ಹಿಡಿ. “ತಗೊಳ್ಳಿ. ಆರಿಸಿಟ್ಟಿದ್ದೀನಿ, ಧಾರಾಳವಾಗಿ ಕುಡೀಬಹುದು.”

“ಆರಿಸಿ...?”

“ನಿಮ್ಮ ಭಾವಮೈದುನರು ಹೋದ ಸಲವೇ ಹೇಳಿದ್ರಲ್ಲ. ಭಾವನಿಗೆ ಬಿಸಿ ಬಿಸಿ ಕೊಡ್ಬೇಡಿ, ಗಾಜಿನ ಲೋಟ ಬೇಡ, ಮನೇಲಿ ಅಕ್ಕನೂ ಹೀಗೇ ಕೊಡೋದು ಅಂತ. ಹೊಟ್ಟೆಯದೇನಾದ್ರೂ ತೊಂದರೆಯಾ?”

ಅವನು ಚಹಾವನ್ನು ನೋಡಿದ. “ಹೂಂ,” ಎಂದ. “ಹೊಟ್ಟೆ.”

“ಜೋಪಾನ. ಈ ವಯಸ್ಸಿನಲ್ಲಿ ಹೊಟ್ಟೆ ಹೇಳಿದ ಹಾಗೆ ಕೇಳ್ಬೇಕು.” ಅವರು ಸಿಂಕಿನ ಮೇಲಿನ ಕಿಟಕಿಯ ಬಳಿ ಹೋಗಿ ಹೊರಗೆ ನೋಡಿದರು. ಯಂತ್ರದ ಗುಂಜು ಕೇಳಿಸುತ್ತಿತ್ತು. ಅದು ಬೇಲಿಯ ತಿರುವಿನ ಕಡೆಯಿಂದ, ಉಳಿದಿರುವ ಕೆಲಸದ ಕಡೆಯಿಂದ, ಬರುತ್ತಿರಲಿಲ್ಲ. ಗೇಟಿನ ಕಡೆಯಿಂದ ಬರುತ್ತಿತ್ತು; ಅವನು ಮುಗಿಸಿದ್ದ ಕಡೆಯಿಂದ. “ನಿಮ್ಮ ಈ ಪದ್ಧತಿ ನನಗೆ ಇಷ್ಟ. ಮೊದಲು ನೀವು ಒರಟಾಗಿ ಕತ್ತರಿಸಿಕೊಂಡು ಹೋಗೋದು, ನೀವು ಒಳಗೆ ಬಂದ ಮೇಲೆ ಅವರು ಮತ್ತೆ ಶುರುವಿನಿಂದ ನಯ ಮಾಡೋದು. ಗೋಡೆಗೆ ಎರಡು ಸಲ ಸುಣ್ಣ ಹೊಡೆಯಲ್ವಾ, ಹಾಗೆ. ಎಲ್ಲರ ಮನೇಲೂ ಹೀಗೇನಾ, ನಮ್ಮ ಮನೇಲಿ ಮಾತ್ರವಾ?”

ಅವನು ಕಿವಿಗೊಟ್ಟ. ಗುಂಜು ಒಂದು ಕಡೆ ನಿಂತು, ಒಂದಿಷ್ಟು ಹಿಂದೆ ಬಂದು, ಮತ್ತೆ ಮುಂದೆ ಹೋಗುತ್ತಿತ್ತು. ಎಲ್ಲಿ ತಗ್ಗಾಗಿದೆಯೋ ಅಲ್ಲಿ ಸುತ್ತಲನ್ನೂ ಅದರ ಮಟ್ಟಕ್ಕೆ ಇಳಿಸುವ ಕೆಲಸ. ತಗ್ಗನ್ನು ತುಂಬಲಾಗುವುದಿಲ್ಲ, ಉಳಿದದ್ದನ್ನೇ ತಗ್ಗಿಸಬೇಕು. ಅದನ್ನು ಭಾವಮೈದುನನಿಗೆ ಕಲಿಸಿದವನೂ ಅವನೇ.

“ಎಲ್ಲರ ಮನೇಲೂ,” ಎಂದ. “ಅದು ನಮ್ಮ ಪದ್ಧತಿ.”

ಅವರು ಯಾವುದಕ್ಕೋ ಒಳಗೆ ಹೋದರು. ಅವನು ಚಹಾ ಕುಡಿದ. ಹೆಂಡತಿ ಕೊಡುವಷ್ಟೇ ಬಿಸಿ, ಅಥವಾ ಅಷ್ಟೇ ತಣ್ಣಗೆ. ಒಂದು ಸಂಜೆ, ಹೋದ ಚಳಿಗಾಲಕ್ಕೂ ಮುಂಚೆ, ಅವನು ಒಲೆಯಿಂದ ಇಳಿಸಿದ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡು ಕಿಟಕಿಯ ಬಳಿ ಏನನ್ನೋ ಯೋಚಿಸುತ್ತ ನಿಂತಿದ್ದ. ಅವಳು ಬಂದು ಲೋಟವನ್ನು ತೆಗೆದುಕೊಂಡವಳು ತಟಕ್ಕನೆ ಕೆಳಗಿಟ್ಟು ತನ್ನ ಬೆರಳನ್ನು ಕಿವಿಗೆ ಹಚ್ಚಿಕೊಂಡಿದ್ದಳು. ಮರುದಿನ ಅವನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಯಂತ್ರದ ಹಿಡಿ ಉಜ್ಜಿ ಆಯಿತು ಎಂದು ಅವನು ಹೇಳಿದ್ದ. “ಹೌದಾ,” ಎಂದು ಅವಳು ಎಣ್ಣೆ ಹಚ್ಚಿದ್ದಳು. ಅದಾದ ಮೇಲೆ ಚಹಾ ಆರಿಯೇ ಬರುತ್ತಿತ್ತು. ಸೋಮಾರಿತನ ಎಂದು ಅವನು ಎಷ್ಟು ಸಲ ರೇಗಿದ್ದ. ನೆಂಟರ ಮುಂದೆಯೂ ಒಮ್ಮೆ, ನಮ್ಮ ಮನೆಯಲ್ಲಿ ಚಹಾ ಎಂದರೆ ತೊಳೆದ ಪಾತ್ರೆಯ ನೀರು ಎಂದು ನಗಿಸಿದ್ದ. ಅವಳೂ ನಕ್ಕಿದ್ದಳು. ಬಾಚಣಿಗೆಯೂ ನಕ್ಕಿದ್ದ. ಗುಂಡಿಗಳು ಹೋಗಿ ಜಿಪ್ಪು ಬಂದದ್ದು, ಜಿಪ್ಪಿಗೆ ಕುಣಿಕೆ ಬಂದದ್ದು, ಹಿಡಿದವನು ಹಲ್ಲಿಗೆ ಕೈ ಹಾಕಬಾರದೆಂಬ ನಿಯಮ ಬಂದದ್ದು, ಇವೆಲ್ಲ ಬೇರೆ ಬೇರೆ ದಿನಗಳಲ್ಲಿ ಬೇರೆ ಬೇರೆ ಕಡೆಯಿಂದ ಬಂದು ಕುಳಿತ ಹಕ್ಕಿಗಳಂತಿದ್ದವು. ಈಗ ನೋಡಿದರೆ ಒಂದೇ ತಂತಿಯ ಮೇಲೆ ಸಾಲಾಗಿ ಕುಳಿತಿದ್ದವು. ಅಕ್ಕ ತಮ್ಮ ಯಾವಾಗ ಮಾತಾಡಿಕೊಂಡರು? ಅವನು ಸ್ನಾನಕ್ಕೆ ಹೋದಾಗಲೇ? ಅವನ ಬೆನ್ನ ಹಿಂದೆ ತಗ್ಗಿದ ದನಿಯಲ್ಲಿ, ರೋಗಿ ಮಲಗಿದ ಕೋಣೆಯ ಹೊರಗೆ ಮಾತಾಡುವಂತೆ? ಅಥವಾ ಮಾತೇ ಆಡಲಿಲ್ಲವೇನೋ. ಅವಳು ಒಂದು ಮಗ್ಗನ್ನು ತಮ್ಮನ ಮುಂದೆ ಆರಿಸಿದ್ದಿರಬೇಕು, ಅವನು ನೋಡಿದ್ದಿರಬೇಕು, ಅಷ್ಟೇ ಸಾಕಾಗಿರಬೇಕು. ಎರಡು ಚಳಿಗಾಲ ಅವನು ಅವರಿಂದ ಕೈಯನ್ನು ಬಚ್ಚಿಟ್ಟಿದ್ದ. ಅವರು ಅವನಿಂದ ತಮಗೆ ಗೊತ್ತಿರುವುದನ್ನು ಬಚ್ಚಿಟ್ಟಿದ್ದರು. ಅವರದೇ ಕೈ ಮೇಲಾಗಿತ್ತು.

ಸಿಟ್ಟು ಬರಬೇಕೆಂದು ಅವನು ಕಾದ. ಗೆರೆ ತನ್ನದಲ್ಲ, ಬೀದಿಬೀದಿಗಳಲ್ಲಿ ತಾನು ವ್ಯಾನಿನ ಕಿಟಕಿಯಿಂದ ನೋಡಿ ಹಿಗ್ಗುತ್ತಿದ್ದ ನೆಟ್ಟನೆಯ ಬೇಲಿಗಳೊಂದೂ ತನ್ನದಲ್ಲ. ಇದು ತಿಳಿದ ಮೇಲೆ ಏನಾದರೂ ಆಗಬೇಕಿತ್ತು. ತೊಡೆಯ ಮೇಲಿದ್ದ ಬ್ಯಾಟರಿಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡ. ತಣ್ಣಗೇನೂ ಇರಲಿಲ್ಲ. ಎದ್ದು, ವ್ಯಾನಿನಿಂದ ತಂದಿದ್ದ ಚಾರ್ಜರಿಗೆ ಹಾಕಿದ. ದೀಪ ಮಿಟುಕದೆ ಹಸಿರಾಗಿ ನಿಂತಿತು. ಮತ್ತೆ ಕುಳಿತ. ಹೆಡ್‌ಮಿಸ್ಟ್ರೆಸ್ಸರು ಬಂದು ಹೋದರು, ತಂಗಿಯ ರೈಲಿನ ಬಗ್ಗೆ ಏನೋ ಹೇಳಿದರು, ಅವನು ತಲೆಯಾಡಿಸಿದ. ಹೊರಗೆ ಗುಂಜು ಗೇಟಿನಿಂದ ನಡುವಿನವರೆಗೆ ಬಂದು, ತಂತಿ ಸಿಕ್ಕಿದ ಜಾಗವನ್ನು ದಾಟಿ, ಹೊಸ ಚಿಗುರಿನ ಕಡೆ ತಿರುಗಿತು. ಆಮೇಲೆ ಅದೂ ತಗ್ಗುತ್ತ ಬಂದು ನಿಂತಿತು.

ಅವನು ಅರ್ಧ ತುಂಬಿದ ಬ್ಯಾಟರಿಯನ್ನು ಚಾರ್ಜರಿನಿಂದ ತೆಗೆದು, ಕೋಟಿನೊಳಗಿಟ್ಟು, ಕುಣಿಕೆಗೆ ಬೆರಳು ತೂರಿಸಿ ಜಿಪ್ಪೆಳೆದುಕೊಂಡು ಹೊರಗೆ ಬಂದ. ತುಂತುರು ಹಾಗೆಯೇ ಇತ್ತು. ಭಾವಮೈದುನ ಯಂತ್ರವನ್ನು ಗೋಡೆಗೆ ಒರಗಿಸಿ, ಗೇಟಿನ ಬಳಿ ಬಿದ್ದಿದ್ದ ಹೊಸ ಚೂರುಗಳನ್ನು ಬೂಟಿನಿಂದ ಬೇಲಿಯ ಬುಡಕ್ಕೆ ತಳ್ಳುತ್ತಿದ್ದ. ಅವನನ್ನು ಕಂಡು ಕಾಲು ನಿಲ್ಲಿಸಿದ.

“ಇಷ್ಟು ಬೇಗ ಬಂದ್ರಾ? ಇನ್ನೂ ಸ್ವಲ್ಪ ತುಂಬಿಸ್ಬಹುದಿತ್ತು.”

“ಚಹಾ ಆರಿತ್ತು. ಬೇಗ ಮುಗೀತು.”

ಭಾವಮೈದುನ ಅವನ ಮುಖವನ್ನು ನೋಡಿದ. ಅವನು ಬೇಲಿಯನ್ನು ನೋಡುತ್ತಿದ್ದ. ಗೇಟಿನಿಂದ ನಡುವಿನವರೆಗೆ ನೆತ್ತಿ ನೀರಿಟ್ಟರೆ ನಿಲ್ಲುವಂತೆ ಸಮವಾಗಿತ್ತು. ಮುಂಚಿನದಕ್ಕಿಂತ ಮೂರು ಬೆರಳು ತಗ್ಗು.

“ಚೆನ್ನಾಗಿ ಬಂದಿದೆ,” ಎಂದ.

“ನೀವು ಹಾಕಿಕೊಟ್ಟ ಗೆರೆ, ಭಾವ. ನಾನು ಸುಮ್ಮನೆ ಅಲ್ಲಲ್ಲಿ...”

“ಎಷ್ಟು ತಗ್ಗಿಸ್ಬೇಕಾಯ್ತು?”

ಕಾಲುದಾರಿಯಲ್ಲಿ ಛತ್ರಿಯೊಂದು ಬಂತು; ಇಬ್ಬರೂ ಬದಿಗೆ ಸರಿದು ದಾರಿ ಬಿಟ್ಟರು; ಅದು ಹೋಯಿತು. ಇನ್ನೂ ಬೇಲಿಯ ಅರ್ಧ ಉಳಿದಿತ್ತು. ಸರದಿಯ ಪ್ರಕಾರ ಈಗಿನ ಬ್ಯಾಟರಿ ಅವನದು. ಭಾವಮೈದುನ ಗೋಡೆಗೊರಗಿಸಿದ್ದ ಯಂತ್ರವನ್ನು ನೋಡಿದ, ಅವನನ್ನು ನೋಡಿದ, ಮತ್ತೆ ಯಂತ್ರವನ್ನು. ಕೊಡುವುದೂ ಕಷ್ಟ, ಕೊಡದಿರುವುದೂ ಕಷ್ಟವಾದವನ ಹಾಗೆ, ಅದರ ಹಿಡಿಯನ್ನು ಅವನ ಕಡೆಗೆ ಒಂದಿಷ್ಟು ತಿರುಗಿಸಿದ. ಅಷ್ಟು ಮಾಡಿದ್ದೇ ಅವನಿಗೆ ಸಾಕಾಯಿತು, ಅಥವಾ ಸಾಕಾಗಿಹೋಯಿತು.

ಕೋಟಿನ ಜಿಪ್ಪನ್ನು ಅರ್ಧ ಇಳಿಸಿ ಬ್ಯಾಟರಿಯನ್ನು ಹೊರಗೆ ತೆಗೆದ. ಅಭ್ಯಾಸದಂತೆ ಅದು ಕೆನ್ನೆಯ ಕಡೆಗೆ ಏಳುತ್ತಿತ್ತು. ಅರ್ಧದಾರಿಯಲ್ಲಿ ನಿಲ್ಲಿಸಿ, ಭಾವಮೈದುನನ ಮುಂದೆ ಹಿಡಿದ.

“ಬಿಸಿ ಇದೆಯಾ ನೋಡು,” ಎಂದ. “ನನಗೆ ಗೊತ್ತಾಗಲ್ಲ.”

ಭಾವಮೈದುನ ಕೈ ಚಾಚಿದ. ಕತ್ತರಿಸಿಹೋದ ಕೈಗವಸಿನಿಂದ ತೋರುಬೆರಳಿನ ತುದಿಯೊಂದು ಮಾತ್ರ ಬತ್ತಲೆಯಾಗಿ, ಚಳಿಗೆ ಕೆಂಪಾಗಿ, ಹೊರಗೆ ಬಂದಿತ್ತು. ಅದನ್ನು ಬ್ಯಾಟರಿಯ ಮೇಲೆ ಇಟ್ಟ. ಅವನು ಆ ಬೆರಳನ್ನೇ ನೋಡಿದ. ಅದು ಮೊದಲು ಬೆಚ್ಚಿದಂತೆ ಒಂದಿಷ್ಟು ಮೇಲೆದ್ದು, ಮತ್ತೆ ಇಳಿದು, ಬಿಸಿಯ ಮೇಲೆ ನೆಮ್ಮದಿಯಾಗಿ ಒರಗಿತು.

“ಇದೆ ಭಾವ,” ಎಂದ ಭಾವಮೈದುನ. “ಬಿಸಿ ಇದೆ.”

“ಹಾಗಾದ್ರೆ ಹಾಕ್ಕೋ. ಮಳೆ ಜೋರಾಗೋದ್ರೊಳಗೆ ಮುಗಿಸು. ಆ ತಿರುವಿನಲ್ಲಿ ಗಿಡ ಒಳಗೆ ಬಾಗಿದೆ, ನೋಡ್ಕೊಂಡು.”

“ಅಕ್ಕನಿಗೆ...”

“ನಾನೇ ಹೇಳ್ತೀನಿ. ಅವಳಿಗೆ ಗೊತ್ತಿಲ್ಲದ್ದೇನಾದ್ರೂ ಉಳಿದಿದ್ರೆ.”

ಕಟ್ ಎಂಬ ಸದ್ದಾಯಿತು. ಗುಂಜು ಶುರುವಾಗಿ ಬೇಲಿಯ ಗುಂಟ ಮುಂದೆ ಹೋಯಿತು. ಹಿಂದೆ ಹಸಿ ಎಲೆಗಳು ಕಾಲುದಾರಿಯ ಮೇಲೆ ಮೆತ್ತಗೆ ಬೀಳುತ್ತಿದ್ದವು. ಅವನು ಗೇಟಿಗೆ ಒರಗಿಸಿದ್ದ ಬಾಚುಗೋಲನ್ನು ತೆಗೆದುಕೊಂಡ. ಅದು ಕೈಯಲ್ಲಿದೆಯೆಂದು ತಿಳಿಯಲು ಅವನು ಅದನ್ನು ನೋಡಬೇಕಾಯಿತು.